ಇಂಗ್ಲೆಂಡಿನ ಕಪ್ಪು ಏಲ್ ಬಿಯರ್ ಮೊದಲ ಸಲ ಕುಡಿದೆ: ಗ್ಯಾಸೂ ಇಲ್ಲ, ತಣ್ಣಗೂ ಇಲ್ಲ, ಇದು ಹೀಗೇನಾ?

ಬನಶಂಕರಿ_ಎಕ್ಸ್‌ಪ್ರೆಸ್:

ಎಲ್ರಿಗೂ ನಮಸ್ಕಾರ. ಲೀಡ್ಸ್‌ಗೆ ಬಂದು ಐದು ತಿಂಗಳಾಯ್ತು, ಕೆಲಸದ ಮೇಲೆ. ಇಷ್ಟು ದಿನ ಇಲ್ಲೂ ಕುಡೀತಿದ್ದಿದ್ದು ಬೆಂಗಳೂರಲ್ಲಿ ಕುಡೀತಿದ್ದ ಅದೇ ಜಾತಿ ಲಾಗರ್ ಬಿಯರ್, ಐಸ್ ಥರ ಕೊರೀತಿರಬೇಕು, ಎರಡು ಗುಟುಕು ಒಳಗೆ ಹೋದ್ರೆ ಮೂಗಲ್ಲಿ ಚುರ್ ಅನ್ಬೇಕು, ಅಷ್ಟೇ ನಂಗೆ ಗೊತ್ತಿದ್ದಿದ್ದು. ಮೊನ್ನೆ ಶುಕ್ರವಾರ ಆಫೀಸಿನ ಒಬ್ಬ ವಯಸ್ಸಾದ ಸಹೋದ್ಯೋಗಿ, ಪಕ್ಕಾ ಯಾರ್ಕ್‌ಶೈರ್ ಮನುಷ್ಯ, ನನ್ನ ಕೈಲಿದ್ದ ಗ್ಲಾಸ್ ನೋಡಿ ಮುಖ ಸಿಂಡರಿಸಿ, ಅದನ್ನ ಅಲ್ಲಿಡು ಅಂತ ಹೇಳಿ ಓಲ್ಡ್ ಪೆಕ್ಯೂಲಿಯರ್ ಅಂತ ಒಂದು ಪಿಂಟ್ ತಂದು ಕೊಟ್ಟ. ಕೌಂಟರಲ್ಲಿ ಉದ್ದ ಹಿಡಿಕೆ ಇರೋ ಪಂಪ್, ಹಳ್ಳಿ ಬೋರ್‌ವೆಲ್ ಹೊಡೆದ ಹಾಗೆ ಆ ಹುಡುಗಿ ಎರಡು ಮೂರು ಸಲ ಎಳೆದು ತುಂಬಿಸಿದ್ಲು.

ನೋಡೋಕೆ ಚೆನ್ನಾಗಿತ್ತು, ಕಪ್ಪು, ಮೇಲೆ ಕೆನೆ ಥರ ನೊರೆ. ಬಾಯಿಗಿಟ್ಟೆ ನೋಡಿ, ಗ್ಯಾಸೇ ಇಲ್ಲ! ತಣ್ಣಗೂ ಇಲ್ಲ, ಬಿಸೀನೂ ಅಲ್ಲ. ನಾನು ಏನೋ ಕಹಿ ಕಷಾಯ ಇರುತ್ತೆ ಅನ್ಕೊಂಡಿದ್ದೆ, ಅದು ಬೇರೆ ಸಿಹಿ. ನಂಗೆ ಏನನ್ನಿಸ್ತು ಅಂದ್ರೆ ಬೆಳಿಗ್ಗೆ ಯಾರೋ ಸುರಿದಿಟ್ಟು ಮರೆತಿದ್ದನ್ನ ಸಂಜೆ ನಂಗೆ ಕೊಟ್ರೇನೋ ಅಂತ. ಆದ್ರೆ ಆ ಮನುಷ್ಯ ಎದುರಿಗೇ ಕೂತು ನನ್ನ ಮುಖಾನೇ ನೋಡ್ತಿದ್ದ, ಹೇಗಿದೆ ಅಂದ, ಸೂಪರ್ ಅಂದೆ, ಇನ್ನೇನು ಹೇಳ್ಲಿ. ಅರ್ಧ ಪಿಂಟ್ ಕುಡಿಯೋಕೆ ಮುಕ್ಕಾಲು ಗಂಟೆ ಆಯ್ತು. ವಿಚಿತ್ರ ಏನಂದ್ರೆ ಕೊನೇ ಅರ್ಧ ಇಷ್ಟ ಆಯ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ. ಮಾರನೇ ದಿನ ಸೂಪರ್‌ಮಾರ್ಕೆಟಲ್ಲಿ ಅದೇ ಹೆಸರಿನ ಬಾಟಲ್ ತಂದು ಫ್ರಿಜ್ಜಲ್ಲಿಟ್ಟು ಕುಡಿದೆ, ಅದರಲ್ಲಿ ಗ್ಯಾಸ್ ಇತ್ತು, ಆದ್ರೆ ಪಬ್ಬಲ್ಲಿ ಕೊನೇಲಿ ಸಿಕ್ಕಿದ ಆ ರುಚಿ ಇರ್ಲಿಲ್ಲ.

ಗೊತ್ತಿರೋರು ಹೇಳಿ: ಇದು ಹೀಗೇ ಇರ್ಬೇಕಾ ಇಲ್ಲ ಆ ಪಿಂಟ್ ಕೆಟ್ಟಿತ್ತಾ? ಇದನ್ನ ಕುಡಿಯೋಕೆ ಏನಾದ್ರೂ ಕ್ರಮ ಇದೆಯಾ? ಆಮೇಲೆ ಪೆಕ್ಯೂಲಿಯರ್ ಅನ್ನೋದರ ಸ್ಪೆಲ್ಲಿಂಗ್ ಯಾಕೆ ತಪ್ಪಾಗಿದೆ, ಕೊನೇಲಿ ಎ ಬರ್ಬೇಕಾದ ಕಡೆ ಇ ಇದೆ? ಇನ್ನೊಂದು, ನನ್ನ ರೂಮ್‌ಮೇಟ್ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಇಲ್ಲ, ಅವನಿಗೂ ಒಂದು ಗುಟುಕು ಕೊಡ್ಬೇಕು ಅಂತಿದ್ದೆ, ಕೊಡಬಹುದು ತಾನೆ?


ಸಾಗರದ_ಮಳೆ:

ಅಯ್ಯೋ ಮಾರಾಯ್ರೆ, ಕೆಟ್ಟಿರ್ಲಿಲ್ಲ, ಅದು ಇರ್ಬೇಕಾದ್ದೇ ಹಾಗೆ. ನಾನು ಈ ಕಡೆ ಬಂದು ಹನ್ನೆರಡು ವರ್ಷ, ಮೊದಲ ಪಿಂಟಿಗೆ ನನ್ನ ಮುಖಾನೂ ನಿಮ್ಮ ಥರಾನೇ ಆಗಿತ್ತು. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಿದ್ರೆ ಓದಿ.

ಗ್ಯಾಸಿನ ವಿಷಯ ಮೊದಲು. ನೀವು ಕುಡಿದಿದ್ದು ಕ್ಯಾಸ್ಕ್ ಏಲ್. ಬ್ರೂವರಿಯಿಂದ ಪೀಪಾಯಿಗೆ ತುಂಬುವಾಗ ಅದರಲ್ಲಿ ಈಸ್ಟ್ ಇನ್ನೂ ಬದುಕಿರುತ್ತೆ, ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಅದು ಪೀಪಾಯಿ ಒಳಗೇ ಹುಳೀತಾ ಇರುತ್ತೆ, ನಮ್ಮ ದೋಸೆ ಹಿಟ್ಟು ರುಬ್ಬಿಟ್ಟ ಮೇಲೂ ರಾತ್ರಿಯಿಡೀ ತನ್ನ ಕೆಲಸ ತಾನು ಮಾಡ್ತಿರುತ್ತಲ್ಲ ಹಾಗೆ. ಅದರಲ್ಲಿರೋ ಗ್ಯಾಸ್ ಅಷ್ಟೇ, ತನ್ನಷ್ಟಕ್ಕೆ ತಾನು ಹುಟ್ಟಿಸಿಕೊಂಡಿದ್ದು, ಹೊರಗಿನಿಂದ ಸಿಲಿಂಡರ್ ಹಾಕಿ ತುಂಬಿಸಲ್ಲ. ನೆಲಮಾಳಿಗೇಲಿ ಅಡ್ಡ ಮಲಗಿಸಿದ ಪೀಪಾಯಿ ಮೇಲೆ ಒಂದು ತೂತು, ಅದಕ್ಕೊಂದು ಸಣ್ಣ ಗೂಟ, ಮೆತ್ತನೆ ಗೂಟ ಹಾಕಿದ್ರೆ ಜಾಸ್ತಿ ಗ್ಯಾಸ್ ಉಸಿರಾಡಿಕೊಂಡು ಹೋಗುತ್ತೆ, ಗಟ್ಟಿ ಗೂಟ ಹಾಕಿದ್ರೆ ಒಳಗೇ ನಿಲ್ಲುತ್ತೆ. ಯಾವಾಗ ಯಾವುದು ಹಾಕ್ಬೇಕು ಅಂತ ನೋಡಿಕೊಳ್ಳೋದೇ ಪಬ್ಬಿನವರ ಕೈಚಳಕ. ಹಾಗಾಗಿ ಅದೇ ಬಿಯರ್ ಒಂದು ಪಬ್ಬಲ್ಲಿ ಅಮೃತ, ಮೂರು ಬೀದಿ ಆಚೆ ಸಪ್ಪೆ.

ತಣ್ಣಗಿಲ್ಲ ಅಂದ್ರಿ. ಕ್ಯಾಸ್ಕ್ ಏಲ್ ಕೊಡೋದು 11ರಿಂದ 13 ಡಿಗ್ರಿಯಲ್ಲಿ. ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡೀತಾರೆ ಅಂತ ಎಲ್ಲರೂ ಆಡಿಕೊಳ್ತಾರೆ, ಆದ್ರೆ ಅದು ಬೆಚ್ಚಗಲ್ಲ, ನಮ್ಮಲ್ಲಿ ಚಳಿಗಾಲದಲ್ಲಿ ಮಣ್ಣಿನ ಹೂಜಿ ನೀರು ಇರುತ್ತಲ್ಲ ಅಷ್ಟು ತಂಪು. ನಿಮ್ಮ ಲಾಗರ್ ಮೂರು ನಾಲ್ಕು ಡಿಗ್ರಿಯಲ್ಲಿರುತ್ತೆ, ಅಷ್ಟು ತಣ್ಣಗಿದ್ದಾಗ ನಾಲಿಗೆ ಮರಗಟ್ಟಿ ಅರ್ಧ ರುಚಿ ಗೊತ್ತೇ ಆಗಲ್ಲ. ಕೊನೇ ಅರ್ಧ ಇಷ್ಟ ಆಯ್ತು ಅಂದ್ರಲ್ಲ, ಮುಕ್ಕಾಲು ಗಂಟೆ ಕೈಲಿಟ್ಟುಕೊಂಡು ಕೂತಿದ್ದಕ್ಕೆ ಅದು ಇನ್ನೆರಡು ಡಿಗ್ರಿ ಮೇಲೆ ಬಂದು ಪರಿಮಳ ಬಿಚ್ಚಿಕೊಂಡಿದೆ. ನಿಮಗೇ ಗೊತ್ತಿಲ್ಲದೆ ಸರಿಯಾಗೇ ಕುಡಿದಿದ್ದೀರಿ! ಬಾಟಲಿದು ಬೇರೆ ಕತೆ, ಅದು ಫಿಲ್ಟರ್ ಆಗಿ ಗ್ಯಾಸ್ ಜಾಸ್ತಿ ಇರೋದು, ಮೇಲಿಂದ ನೀವು ಫ್ರಿಜ್ಜಲ್ಲಿ ಕೊರೆಸಿದ್ದೀರಿ. ಮುಂದಿನ ಸಲ ಕುಡಿಯೋಕೆ ಮುಂಚೆ ಅರ್ಧ ಗಂಟೆ ಹೊರಗಿಡಿ, ಅಗಲ ಬಾಯಿನ ಗ್ಲಾಸಿಗೆ ಸುರೀರಿ.

ಈಗ ಕುಡಿಯೋ ಕ್ರಮ. ಕ್ರಮ ಅಂತ ಶಾಸ್ತ್ರ ಏನಿಲ್ಲ, ನಾನು ಮಾಡೋದು ಹೇಳ್ತೀನಿ. ಮೊದಲು ಗ್ಲಾಸನ್ನ ದೀಪಕ್ಕೆ ಹಿಡೀರಿ. ಕಪ್ಪು ಅಂತ ಅನ್ಕೊಂಡಿದ್ದು ಕಪ್ಪಲ್ಲ, ಅಂಚಲ್ಲಿ ಕೆಂಪು ಕಾಣುತ್ತೆ, ನಮ್ಮ ಕಡೆ ಪುನರ್ಪುಳಿ ಹಣ್ಣು ನೆನೆಹಾಕಿದ ನೀರು ಗಟ್ಟಿಯಾಗಿದ್ದಾಗ ಇರುತ್ತಲ್ಲ ಆ ಬಣ್ಣ. ಆಮೇಲೆ ಮೂಗು ಒಳಗೆ ಹಾಕಿ. ಕಳಿತ ಬಾಳೆಹಣ್ಣು, ಒಣದ್ರಾಕ್ಷಿ ಡಬ್ಬಿ ಮುಚ್ಚಳ ತೆಗೆದಾಗಿನ ವಾಸನೆ. ಇದಕ್ಕೆ ಹಣ್ಣು ಏನೂ ಹಾಕಿರಲ್ಲ. ಏಲ್ ಈಸ್ಟ್ ಬೆಚ್ಚಗೆ, ಹತ್ತಿರ ಹತ್ತಿರ ಇಪ್ಪತ್ತು ಡಿಗ್ರಿಯಲ್ಲಿ ಹುಳಿಯುತ್ತೆ, ಆ ಬೆಚ್ಚಗಿನಲ್ಲಿ ಅದು ಹಣ್ಣಿನ ವಾಸನೆ ಬರೋ ಎಸ್ಟರುಗಳನ್ನ ಮಾಡುತ್ತೆ, ಅದರಲ್ಲಿ ಒಂದು ಬಾಳೆಹಣ್ಣಲ್ಲಿ ಇರೋದೇ. ಲಾಗರ್ ಈಸ್ಟನ್ನ ತಣ್ಣಗಿಟ್ಟು ಹುಳಿಸೋದ್ರಿಂದ ಅದರಲ್ಲಿ ಇದೆಲ್ಲ ಇಲ್ಲ.

ಗುಟುಕು ತಗೊಂಡ ಮೇಲೆ ತಕ್ಷಣ ನುಂಗ್ಬೇಡಿ. ಮೊದಲು ನಾಲಿಗೆ ತುದೀಲಿ ಜೋನಿ ಬೆಲ್ಲ. ನಾನು ಯಾವುದೇ ಇಂಗ್ಲಿಷ್ ಪುಸ್ತಕದ ಮಾತು ಹೇಳ್ತಿಲ್ಲ, ಆಲೆಮನೇಲಿ ಕೊಪ್ಪರಿಗೆ ಕೆಳಗಿಳಿಸಿದಾಗ ಬರೋ ಆ ಸ್ವಲ್ಪ ಸೀದ ಸಿಹಿ, ಅದೇ. ಆಮೇಲೆ ನಡುನಾಲಿಗೇಲಿ ರಾಗಿ ಹುರಿಹಿಟ್ಟು. ಕೊನೇಗೆ ನುಂಗಿದ ಮೇಲೆ ಗಂಟಲ ಹತ್ತಿರ ಎರಡನೇ ಡಿಕಾಕ್ಷನ್ ಕಾಫಿಯಷ್ಟು ಹದವಾದ ಕಹಿ, ಜೊತೆಗೆ ಮಣ್ಣು ಮಣ್ಣು, ಗಿಡಮೂಲಿಕೆ ಥರ ಏನೋ ಒಂದು, ಅದು ಫಗಲ್ ಅನ್ನೋ ಹಳೇ ಇಂಗ್ಲಿಷ್ ಹಾಪ್ಸ್, ಬಿಯರಿಗೆ ಕಹಿ ಕೊಡೋ ಹೂವು. ಅಮೆರಿಕದ ಹಾಪ್ಸ್ ಥರ ಮೂಸಂಬಿ ಮಾವಿನಹಣ್ಣು ಅಂತ ಕೂಗಾಡಲ್ಲ ಅದು, ಹಿಂದೆ ನಿಂತ್ಕೊಂಡು ಸಿಹಿನ ಹಿಡಿದಿಟ್ಟುಕೊಳ್ಳುತ್ತೆ.

ಈ ಬೆಲ್ಲದ ರುಚಿ ಬರೋದು ಕ್ರಿಸ್ಟಲ್ ಮಾಲ್ಟ್‌ನಿಂದ. ಮೊಳಕೆ ಬಂದ ಬಾರ್ಲಿಯನ್ನ ಒಣಗಿಸದೆ ಹಸಿ ಇರುವಾಗಲೇ ಬಿಸಿ ಮಾಡ್ತಾರೆ, ಕಾಳಿನೊಳಗೇ ಗಂಜಿ ಸಕ್ಕರೆ ಆಗಿ, ಆಮೇಲೆ ಹುರಿದಾಗ ಒಳಗೇ ಪಾಕ ಕಟ್ಟಿಕೊಳ್ಳುತ್ತೆ. ಒಂದೊಂದು ಕಾಳೂ ಒಂದೊಂದು ಕ್ಯಾರಮೆಲ್ ಮಿಠಾಯಿ. ಇನ್ನೊಂದು ವಿಷಯ, ಬ್ರಿಟನ್ನಲ್ಲಿ ಬಿಯರಿಗೆ ಸಕ್ಕರೆ ಹಾಕೋಕೆ 1847ರಲ್ಲೇ ಕಾನೂನು ಒಪ್ಪಿಗೆ ಕೊಟ್ಟಿತ್ತು, ಇಲ್ಲಿನ ಹಳೇ ಕಪ್ಪು ಏಲ್‌ಗಳಲ್ಲಿ ಕಾಯಿಸಿ ಕಪ್ಪಾಗಿಸಿದ ಬ್ರೂವಿಂಗ್ ಸಕ್ಕರೆ ಬಳಸೋದು ಹಳೇ ರೂಢಿ. ಜರ್ಮನಿಯವರು ಕೇಳಿದ್ರೆ ಎದೆ ಬಡ್ಕೋತಾರೆ.

ಸ್ಪೆಲ್ಲಿಂಗ್ ತಪ್ಪಲ್ಲ ರೀ. ಇದನ್ನ ಮಾಡೋದು ಥೀಕ್‌ಸ್ಟನ್ ಅನ್ನೋ ಬ್ರೂವರಿ, 1827ರಲ್ಲಿ ಶುರುವಾಗಿದ್ದು, ನಾರ್ತ್ ಯಾರ್ಕ್‌ಶೈರ್‌ನ ಒಂದು ಸಣ್ಣ ಊರಲ್ಲಿ. ನಿಮಗೆ ಲೀಡ್ಸಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ದೂರ. ಆ ಊರಿನ ಚರ್ಚನ್ನ 12ನೇ ಶತಮಾನದಲ್ಲಿ ರೋಜರ್ ಡಿ ಮೌಬ್ರೆ ಅನ್ನೋ ಜಮೀನ್ದಾರ, ಕ್ರುಸೇಡ್‌ಗೆ ಹೋಗಿದ್ದ ಮನುಷ್ಯ, ಯಾರ್ಕಿನ ದೊಡ್ಡ ಚರ್ಚಿಗೆ ದಾನ ಕೊಟ್ಟ. ಅಲ್ಲಿವರೆಗೆ ಹೋಗಿ ವಿಚಾರಣೆ ಮಾಡೋದು ಯಾರಿಗೂ ಬೇಡದ ಕೆಲಸ, ಹಾಗಾಗಿ ಆ ಊರಿಗೆ ತನ್ನದೇ ಆದ ಧಾರ್ಮಿಕ ನ್ಯಾಯಾಲಯ ಆಯ್ತು, ಅದಕ್ಕೆ ಪೆಕ್ಯೂಲಿಯರ್ ಅಂತ ಹೆಸರು. ವಿಚಿತ್ರ ಅನ್ನೋ ಅರ್ಥ ಅಲ್ಲ, ಪ್ರತ್ಯೇಕ ಅನ್ನೋ ಅರ್ಥ. ಲೇಬಲ್ ಮೇಲಿರೋ ಮುದ್ರೆ ಆ ಕೋರ್ಟಿಂದೇ. ತಮಾಷೆ ಅಂದ್ರೆ ಆ ಕೋರ್ಟು ನೋಡ್ತಿದ್ದ ಕೇಸುಗಳಲ್ಲಿ ಕುಡಿದು ಗಲಾಟೆ ಮಾಡಿದ್ದೂ ಒಂದು.

ಸಸ್ಯಾಹಾರದ ಪ್ರಶ್ನೆಗೆ ಬೇರೆ ಯಾರಾದ್ರೂ ಹೇಳ್ಲಿ, ನಾನು ಮೀನು ತಿನ್ನೋನು, ನನ್ನ ಮಾತಿಗೆ ಬೆಲೆ ಇಲ್ಲ.


ಹುಬ್ಬಳ್ಳಿ_ಕಟ್ಟಿ:

ಸಾಗರದ ಸರ ಭಾಳ ಚೊಲೊ ಬರದಾರ, ಖರೆ. ಆದ್ರ ನಾ ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾನೂ ಹತ್ತ ಸಲ ಟ್ರೈ ಮಾಡೇನಿ, ನನಗಂತೂ ಸೇರೂದಿಲ್ರಿ. ಹೂಜಿ ನೀರು ಅಂದ್ರ ಹೂಜಿ ನೀರು ಕುಡೀತೇನಿ, ಬಿಯರ್ ಯಾಕ? ಬಿಸಿಲಾಗಿಂದ ಬಂದ ಮನಿಷಾಗ ಬಿಯರ್ ಅಂದ್ರ ತಣ್ಣಗಿರಬೇಕು, ಗಂಟಲಾಗ ಕಚ್ಚಬೇಕು. ಇಲ್ಲಿ ಬಿಸಿಲ ಎಲ್ಲೈತಿ ಅಂತ ಕೇಳಿದ್ರ ಅದೂ ಖರೆ.

ಇನ್ನೊಂದು, ಎಲ್ಲಾ ಪಿಂಟೂ ಹಂಗ ಇರಬೇಕಾದ್ದು ಅಂತ ಹೇಳಿ ಹುಡುಗನ್ನ ಹಾದಿ ತಪ್ಪಸಬ್ಯಾಡ್ರಿ. ಹೋದ ವರ್ಷ ನಾ ಒಂದ್ ಕಡೆ (ಹೆಸರ ಬ್ಯಾಡ) ಒಂದು ಡಾರ್ಕ್ ಏಲ್ ತೊಗೊಂಡೆ, ವಿನೆಗರ್ ಕುಡದಂಗ ಆತು, ಹುಣಸಿಹುಳಿ ಮುಖ ಆತು. ಇದು ಟ್ರೆಡಿಷನಲ್ ಇರಬೇಕ ಅಂತ ಸುಮ್ಮನ ಪೂರ್ತಿ ಕುಡದೆ, ರಾತ್ರಿಯೆಲ್ಲಾ ಹೊಟ್ಟಿ ಗುಡುಗುಡು. ಆಮ್ಯಾಲ ಗೊತ್ತಾತು ಅದು ಕೆಟ್ಟಿತ್ತು ಅಂತ. ಹಂಗಿದ್ರ ಹೆಂಗ ಗುರ್ತ ಹಿಡಿಯೂದು ಅದನ್ನ ಹೇಳ್ರಿ.


ಸಾಗರದ_ಮಳೆ:

ಕಟ್ಟಿಯವರೇ ಸಿಟ್ಟೆಲ್ಲಿಂದ, ಒಳ್ಳೇ ಪ್ರಶ್ನೆ. ಪೀಪಾಯಿ ತೆರೆದ ಮೇಲೆ ಪಿಂಟ್ ಎಳೆದ ಹಾಗೆಲ್ಲ ಒಳಗೆ ಗಾಳಿ ಹೋಗುತ್ತೆ. ಈಚಲು ಹೆಂಡ ಬೆಳಿಗ್ಗೆ ಸಿಹಿ, ಮಧ್ಯಾಹ್ನ ಚುರುಕು, ರಾತ್ರಿ ಹುಳಿ ಅಲ್ವಾ, ಇದೂ ಅದೇ ಜಾತಿ, ದಿನಗಳ ಲೆಕ್ಕ ಅಷ್ಟೇ. ಮೂರು ದಿನದೊಳಗೆ ಖಾಲಿ ಆಗ್ಬೇಕು ಅಂತ ಲೆಕ್ಕ. ಸಾಮಾನ್ಯ ಪೀಪಾಯಿ, ಫರ್ಕಿನ್ ಅಂತಾರೆ, ಒಂಬತ್ತು ಗ್ಯಾಲನ್, ಅಂದ್ರೆ 72 ಪಿಂಟ್. ಜನ ಕಮ್ಮಿ ಬರೋ ಪಬ್ಬು ಆರು ಪಂಪ್ ಇಟ್ಕೊಂಡಿದ್ರೆ ಅಷ್ಟು ದಿನದಲ್ಲಿ ಖಾಲಿ ಆಗಲ್ಲ, ಅಲ್ಲೇ ವಿನೆಗರ್ ಹುಟ್ಟೋದು. ಕಪ್ಪು ಏಲ್‌ಗೆ ಗಿರಾಕಿ ಕಮ್ಮಿ ಇರೋದ್ರಿಂದ ಇದಕ್ಕೇ ಅಪಾಯ ಜಾಸ್ತಿ.

ವಿನೆಗರ್ ವಾಸನೆ, ಒದ್ದೆ ರಟ್ಟಿನ ವಾಸನೆ, ಹಾಲಿನ ಥರ ಮಸುಕು, ಇವು ಮೂರರಲ್ಲಿ ಯಾವುದಿದ್ರೂ ವಾಪಸ್ ಕೊಡಿ. ಕೌಂಟರಿಗೆ ಹೋಗಿ, ಸ್ವಲ್ಪ ಹುಳಿ ಅನ್ನಿಸ್ತಿದೆ ನೋಡ್ತೀರಾ ಅಂತ ಮೆಲ್ಲಗೆ ಹೇಳಿದ್ರೆ ಸಾಕು, ಒಳ್ಳೇ ಪಬ್ಬಾದ್ರೆ ಮಾತಾಡದೆ ಬದಲಾಯಿಸಿ ಕೊಡ್ತಾರೆ. ನಮ್ಮವರಿಗೆ ಇದೇ ನಾಚಿಕೆ, ಹೋಟೆಲಲ್ಲಿ ಸಾಂಬಾರ್ ಹಳಸಿದ್ರೆ ಕೂಗಾಡ್ತೀವಿ, ಇಲ್ಲಿ ಮಾತ್ರ ಸಂಪ್ರದಾಯ ಇರಬೇಕು ಅಂತ ಕುಡಿದು ಬರ್ತೀವಿ! ತಗೊಳ್ಳೋಕೆ ಮುಂಚೆ ರುಚಿ ನೋಡೋಕೆ ಒಂದು ಗುಟುಕು ಕೇಳಿದ್ರೂ ಕೊಡ್ತಾರೆ.


ಮಡಿಕೇರಿ_ಮಂಜು:

ನಾನು ಬರ್ಮಿಂಗ್‌ಹ್ಯಾಮ್ ಕಡೆ. ಯಾರ್ಕ್‌ಶೈರ್‌ನವರು ಕಪ್ಪು ಏಲ್ ಅಂದ್ರೆ ತಮ್ಮದೊಂದೇ ಅನ್ನೋ ಹಾಗೆ ಮಾತಾಡ್ತಾರೆ, ಅದಕ್ಕೆ ಬರ್ದೆ. ಪ್ರಶ್ನೆ ಕೇಳಿದವರು ಒಂದು ತಪ್ಪು ತಿಳ್ಕೊಂಡಿದ್ದಾರೆ, ಕಪ್ಪಗಿದ್ರೆ ಕಹಿ, ಕಪ್ಪಗಿದ್ರೆ ಸ್ಟ್ರಾಂಗು ಅಂತ. ಬಣ್ಣಕ್ಕೂ ಕಿಕ್ಕಿಗೂ ಸಂಬಂಧಾನೇ ಇಲ್ಲ. ಕಾಫಿ ಹುರಿಯೋ ಮನೇಲಿ ಬೆಳೆದವಳು ಹೇಳ್ತಿದ್ದೀನಿ, ಒಂದು ಹಿಡಿ ಕಪ್ಪಗೆ ಹುರಿದ ಕಾಳು ಸಾಕು ಒಂದು ಹಂಡೆ ನೀರು ಕಪ್ಪು ಮಾಡೋಕೆ. ಇಲ್ಲಿ 1817ರಲ್ಲಿ ಡೇನಿಯಲ್ ವೀಲರ್ ಅನ್ನೋನು ಮಾಲ್ಟ್ ಹುರಿಯೋಕೆ ತಿರುಗೋ ಡ್ರಮ್ಮಿಗೆ ಪೇಟೆಂಟ್ ತಗೊಂಡ, ಅಲ್ಲಿಂದ ಮುಂದೆ ಲಂಡನ್ನಿನ ಪೋರ್ಟರ್ ಅನ್ನೋ ಕಪ್ಪು ಬಿಯರ್ ಮಾಡೋರು ಹೆಚ್ಚಿನ ಪಾಲು ತಿಳಿ ಮಾಲ್ಟ್ ಹಾಕಿ ಬಣ್ಣಕ್ಕೆ ಮಾತ್ರ ಒಂಚೂರು ಕಪ್ಪು ಮಾಲ್ಟ್ ಹಾಕೋದು ಶುರು ಮಾಡಿದ್ರು, ದುಡ್ಡು ಉಳೀತು.

ಓಲ್ಡ್ ಪೆಕ್ಯೂಲಿಯರ್ 5.6 ಪರ್ಸೆಂಟ್, ಪಿಂಟ್ ಅಂದ್ರೆ 568 ಎಂಎಲ್, ಎರಡು ಕುಡಿದು ಎದ್ದರೆ ಗೊತ್ತಾಗುತ್ತೆ. ಆದ್ರೆ ನಮ್ಮ ಕಡೆ ಡಾರ್ಕ್ ಮೈಲ್ಡ್ ಅಂತ ಇದೆ, ಅದೂ ಅಷ್ಟೇ ಕಪ್ಪು, ಬರೀ ಮೂರು ಮೂರೂವರೆ ಪರ್ಸೆಂಟ್. ಕುಲುಮೆ ಮುಂದೆ, ಗಣಿ ಒಳಗೆ ದಿನವಿಡೀ ಬೆವರಿದ ಜನ ನೀರಡಿಕೆಗೆ ಕುಡಿಯೋಕೆ ಅಂತಾನೇ ಇದ್ದಿದ್ದು, ನಾಲ್ಕು ಪಿಂಟ್ ಕುಡಿದು ಮನೆಗೆ ನೆಟ್ಟಗೆ ನಡ್ಕೊಂಡು ಹೋಗಬಹುದು. ಮೈಲ್ಡ್ ಅಂದ್ರೆ ಮೊದಲಿಗೆ ಸೌಮ್ಯ ಅನ್ನೋ ಅರ್ಥ ಅಲ್ಲ, ಹೊಸದು, ಪೀಪಾಯೀಲಿ ವರ್ಷಗಟ್ಟಲೆ ಇಡದೆ ತಾಜಾ ಮಾರಿದ್ದು ಅಂತ. ಅದರ ಎದುರು ಪದ ಓಲ್ಡ್, ಅಂದ್ರೆ ಇಟ್ಟು ಹಳೇದು ಮಾಡಿದ್ದು. ಆ ಇಟ್ಟಿದ್ದರಲ್ಲಿ ಮರದ ಪೀಪಾಯಿ ಒಳಗೆ ಇನ್ನೊಂದು ಜಾತಿ ಈಸ್ಟ್ ಸೇರ್ಕೊಂಡು ಚರ್ಮ, ಕುದುರೆ ಲಾಯ, ಹುಳಿ ದ್ರಾಕ್ಷಿ ಥರ ವಾಸನೆ ಕೊಡ್ತಿತ್ತು. ಅದನ್ನ 1904ರಲ್ಲಿ ಕಾರ್ಲ್ಸ್‌ಬರ್ಗ್ ಬ್ರೂವರಿಯ ಒಬ್ಬ ವಿಜ್ಞಾನಿ ಇಂಗ್ಲಿಷ್ ಬಿಯರಿಂದ ಬೇರ್ಪಡಿಸಿ ಬ್ರೆಟನೊಮೈಸಿಸ್ ಅಂತ ಹೆಸರಿಟ್ಟ, ಬ್ರಿಟಿಷ್ ಬೂಷ್ಟು ಅನ್ನೋ ಅರ್ಥ. ಡೆನ್ಮಾರ್ಕಿನವನು ಇಂಗ್ಲಿಷರಿಗೆ ಕೊಟ್ಟ ಬಿರುದು ನೋಡಿ!

ಈ ಕಡೆ ಬಂದ್ರೆ ಸೆಡ್ಜ್‌ಲಿಯಲ್ಲಿ ಬೀಕನ್ ಹೋಟೆಲ್ ಅಂತ ಪಬ್ ಇದೆ, ಹಿಂದೇನೇ ಅವರ ಬ್ರೂವರಿ, ಸಾರಾ ಹ್ಯೂಸ್ ಡಾರ್ಕ್ ರೂಬಿ ಮೈಲ್ಡ್ ಅಲ್ಲೇ ಮಾಡೋದು. ಹೆಸರು ಮೈಲ್ಡ್, ಇರೋದು 6 ಪರ್ಸೆಂಟ್, ಹಳೇ ಕಾಲದ ಮೈಲ್ಡ್‌ಗಳು ಹಾಗೇ ಇದ್ವು. ಗೂಡಿನಂಥ ಸಣ್ಣ ಕಿಟಕಿಯಿಂದ ಬಗ್ಗಿ ಗ್ಲಾಸ್ ತಗೋಬೇಕು, ಹಳೇ ಸಿನಿಮಾ ಟೆಂಟಿನ ಟಿಕೆಟ್ ಕೌಂಟರ್ ನೆನಪಾಯ್ತು. ನಂಗೆ ಕೇಳಿದ್ರೆ ಓಲ್ಡ್ ಪೆಕ್ಯೂಲಿಯರ್‌ಗಿಂತ ಒಂದು ಕೈ ಮೇಲೆ, ಹೊಡೆದಾಡೋರು ಬನ್ನಿ.

ಊಟದ ಜೊತೆ ಬೇಕು ಅಂದ್ರೆ ಪಂದಿ ಕರಿ. ಕಾಚಂಪುಳಿ ಹುಳಿಗೂ ಆ ಬೆಲ್ಲದ ಸಿಹಿಗೂ ಎಷ್ಟು ಹೊಂದುತ್ತೆ ಅಂದ್ರೆ ಇಷ್ಟು ವರ್ಷ ಯಾರೂ ಇದನ್ನ ಮಾಡಿಲ್ವಲ್ಲ ಅನ್ನಿಸುತ್ತೆ. ಲಾಗರ್ ಆದ್ರೆ ಮೆಣಸಿನ ಖಾರ ಬಾಯಲ್ಲಿ ಇನ್ನೂ ಉರಿಸುತ್ತೆ, ಇದು ತಣಿಸುತ್ತೆ.


ಪುಳಿಯೋಗರೆ_ಪಂಡಿತ:

ಸಸ್ಯಾಹಾರದ ಪ್ರಶ್ನೆಗೆ ನಾನು ಹೇಳ್ತೀನಿ, ಯಾಕಂದ್ರೆ ನಾನೇ ಬಲಿಪಶು. ಎರಡು ವರ್ಷ ಕ್ಯಾಸ್ಕ್ ಏಲ್ ಕುಡ್ಕೊಂಡು ಬಾರ್ಲಿ ನೀರು ಈಸ್ಟ್ ಹಾಪ್ಸ್ ಅಷ್ಟೇ ತಾನೆ, ಸಂಪೂರ್ಣ ಸಾತ್ವಿಕ ಅಂತ ಎಲ್ರಿಗೂ ಭಾಷಣ ಬಿಗೀತಿದ್ದೆ, ಒಂದು ದಿನ ಪಬ್ಬಿನ ನೆಲಮಾಳಿಗೆ ನೋಡಿಕೊಳ್ಳೋನು ಒಬ್ಬ ಮಾತಾಡ್ತಾ ಐಸಿಂಗ್‌ಗ್ಲಾಸ್ ಅಂದ. ಏನದು ಅಂದೆ. ಮೀನಿನ ಗಾಳಿಚೀಲ ಒಣಗಿಸಿ ಮಾಡಿದ್ದು ಅಂದ. ಗ್ಲಾಸ್ ಕೆಳಗಿಟ್ಟೆ.

ವಿಷಯ ಏನಂದ್ರೆ ಪೀಪಾಯಿ ಒಳಗೆ ಈಸ್ಟ್ ಬದುಕಿರುತ್ತೆ ಅಂತ ಮೇಲೆ ಬರೆದಿದ್ದಾರಲ್ಲ, ಆ ಈಸ್ಟ್ ತೇಲ್ತಾ ಇದ್ರೆ ಬಿಯರ್ ಮಸುಕಾಗಿರುತ್ತೆ, ಅದನ್ನ ಬೇಗ ತಳಕ್ಕೆ ಕೂರಿಸೋಕೆ ಈ ಐಸಿಂಗ್‌ಗ್ಲಾಸ್ ಹಾಕ್ತಾರೆ. ನಾವು ಕೆಸರು ನೀರಿಗೆ ಪಟಿಕ ಆಡಿಸ್ತೀವಲ್ಲ ಅದೇ ತಂತ್ರ. ಅದು ಈಸ್ಟ್ ಜೊತೆ ಅಂಟಿಕೊಂಡು ತಳಕ್ಕೆ ಹೋಗುತ್ತೆ, ಗ್ಲಾಸಿಗೆ ಬರೋದು ಇಲ್ಲ ಅನ್ನೋ ಅಷ್ಟು ಕಮ್ಮಿ, ಆದ್ರೆ ಹಾಕಿರೋದಂತೂ ಹೌದು. ಹಾಗಾಗಿ ಕ್ಯಾಸ್ಕ್ ಅಂದ್ರೆ ಮೀನು ಹಾಕಿದೆ ಅಂತಾನೇ ತಿಳ್ಕೊಂಡು ಕೇಳಿ ನೋಡಿ, ಪಂಪ್ ಮೇಲಿನ ಚೀಟೀಲಿ ಅನ್‌ಫೈನ್ಡ್ ಅಂತ ಇದ್ರೆ ಹಾಕಿಲ್ಲ, ಸ್ವಲ್ಪ ಮಸುಕಿರುತ್ತೆ ಅಷ್ಟೇ. ಬ್ರಿಸ್ಟಲ್‌ನ ಮೂರ್ ಅನ್ನೋ ಬ್ರೂವರಿಯವರು ಇದನ್ನೇ ವ್ರತ ಥರ ಮಾಡ್ಕೊಂಡು ಬಂದಿದ್ದಾರೆ.

ನಿಮ್ಮ ರೂಮ್‌ಮೇಟ್‌ಗೆ ಸುಲಭ ದಾರಿ, ಟ್ಯಾಡ್‌ಕ್ಯಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್ ಬಾಟಲಿಗಳು. ಹೆಚ್ಚಿನ ಬಾಟಲಿ ಬಿಯರುಗಳಿಗೆ ವೀಗನ್ ಸೊಸೈಟಿ ಮುದ್ರೆ ಇದೆ. ಅವರ ಟ್ಯಾಡಿ ಪೋರ್ಟರ್ ತಗೊಳ್ಳಿ, 5 ಪರ್ಸೆಂಟ್, ಇದೂ ಕಪ್ಪು, ಜೋನಿ ಬೆಲ್ಲ ಕಮ್ಮಿ, ಸುಟ್ಟ ಬ್ರೆಡ್ಡಿನ ಅಂಚು ಜಾಸ್ತಿ. ಆದ್ರೆ ಅದೇ ಬ್ರೂವರಿಯ ಬಿಟರ್ ಅನ್ನೋ ಕ್ಯಾಸ್ಕ್ ಏಲ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ, ಹುಷಾರು. ಹೇಳದೆ ಕುಡಿಸ್ಬೇಡಿ ದಯವಿಟ್ಟು, ಕುಡಿಯೋದು ಬಿಡೋದು ಅವರಿಷ್ಟ, ಗೊತ್ತಿಲ್ಲದೆ ಗಂಟಲಿಗಿಳಿಸೋದು ಪಾಪ.


ಹುಬ್ಬಳ್ಳಿ_ಕಟ್ಟಿ:

ಯಪ್ಪಾ, ಮೀನಾ? ನಮ್ಮ ಮನ್ಯಾಗ ಶ್ರಾವಣದಾಗ ಉಳ್ಳಾಗಡ್ಡಿ ಸುದ್ದಾ ಮುಟ್ಟಂಗಿಲ್ಲ, ನಾ ಮಾತ್ರ ಶ್ರಾವಣ ಸೋಮವಾರ ಪಿಂಟ್ ಎತ್ತೇನಿ. ಅವ್ವಗ ಯಾರೂ ಹೇಳಬ್ಯಾಡ್ರಿ.


ಕೋರಮಂಗಲ_ಕಾಕ:

ಇದೇ ಥರದ್ದು ಬೆಂಗಳೂರಲ್ಲಿ ಎಲ್ಲಾದ್ರೂ ಸಿಗುತ್ತಾ? ಇಲ್ಲಿ ಮೈಕ್ರೋಬ್ರೂವರಿಗಳಲ್ಲಿ ಸ್ಟೌಟ್ ಸಿಗುತ್ತೆ, ನಾನು ಅದನ್ನೇ ಕುಡಿಯೋದು, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?


ಸಾಗರದ_ಮಳೆ:

ಕಾಕಾ, ಸ್ಟೌಟ್ ಬೇರೆ. ಅದರಲ್ಲಿ ಹುರಿದ ಬಾರ್ಲಿ ಮುಂದೆ ನಿಂತಿರುತ್ತೆ, ಸ್ಟ್ರಾಂಗ್ ಕಾಫಿ, ಒಣ ಕಹಿ. ಇದರಲ್ಲಿ ಪಾಕ ಮುಂದೆ, ಹುರಿದಿದ್ದು ಹಿಂದೆ. ಮೇಲಾಗಿ ಅಲ್ಲಿ ಕೊಡೋದು ಕೆಗ್ ಅನ್ನೋ ಮುಚ್ಚಿದ ಲೋಹದ ಪೀಪಾಯಿಂದ, ಗ್ಯಾಸ್ ಹಾಕಿ, ತಣ್ಣಗೆ. ನಮ್ಮ ಹವಾಮಾನಕ್ಕೆ 12 ಡಿಗ್ರಿ ನೆಲಮಾಳಿಗೆ ಎಲ್ಲಿಂದ ತರೋದು, ಎಸಿ ಹಾಕಿ ಇಟ್ರೂ ಮೂರು ದಿನದಲ್ಲಿ 72 ಪಿಂಟ್ ಖಾಲಿ ಮಾಡೋ ಗಿರಾಕಿ ಬೇಕಲ್ಲ. ಸಿಕ್ಕಿದ ಸ್ಟೌಟನ್ನೇ ಹದಿನೈದು ನಿಮಿಷ ಟೇಬಲ್ ಮೇಲೆ ಬಿಟ್ಟು ಕುಡಿದು ನೋಡಿ, ಬೇರೆ ಬಿಯರೇ ಆಗಿರುತ್ತೆ. ಒಂದು ಕಾಲದಲ್ಲಿ ಇಂಗ್ಲೆಂಡಿಂದ ಇಂಡಿಯಾಗೆ ಸೈನಿಕರಿಗಂತ ಹಡಗುಗಟ್ಟಲೆ ಪೋರ್ಟರ್ ಬರ್ತಿತ್ತು, ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್ ಕತೆ ಎಲ್ಲರಿಗೂ ಗೊತ್ತು, ಪಾಪ ಈ ಕಪ್ಪಿನ ಕತೆ ಯಾರಿಗೂ ಬೇಡ.

ಕ್ಯಾಸ್ಕ್ ಇಲ್ಲೂ ಹೋಗೇ ಬಿಡ್ತಿತ್ತು ಗೊತ್ತಾ. 60ರ ದಶಕದಲ್ಲಿ ದೊಡ್ಡ ಕಂಪನಿಗಳು ಎಲ್ಲ ಕೆಗ್ಗಿಗೆ ತಿರುಗಿಸ್ತಿದ್ವು, ಆಗ 1971ರಲ್ಲಿ ನಾಲ್ಕು ಜನ ಗೆಳೆಯರು ಸೇರಿ ಕ್ಯಾಮ್ರಾ ಅನ್ನೋ ಸಂಘ ಕಟ್ಟಿದ್ರು, ಕ್ಯಾಸ್ಕ್ ಏಲ್‌ಗೆ ರಿಯಲ್ ಏಲ್ ಅನ್ನೋ ಮಾತನ್ನ ಮನೆಮಾತು ಮಾಡಿದ್ದೇ ಅವರು. ಕಟ್ಟಿದ್ದು ಎಲ್ಲಿ ಅಂದ್ರೆ ಐರ್ಲೆಂಡಿನ ಕೆರ್ರಿಯಲ್ಲಿ, ರಜಕ್ಕೆ ಹೋದಾಗ, ಒಂದು ಬಾರಲ್ಲಿ ಕೂತು. ಇಂಗ್ಲಿಷ್ ಏಲ್ ಉಳಿಸೋ ಸಂಕಲ್ಪ ಮಾಡಿದ್ದು ಗಿನ್ನೆಸ್ ಸ್ಟೌಟಿನ ದೇಶದಲ್ಲಿ.


ಬನಶಂಕರಿ_ಎಕ್ಸ್‌ಪ್ರೆಸ್:

ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ಬರುತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ. ಎರಡು ವಾರ ಆದ್ಮೇಲೆ ಅಪ್‌ಡೇಟ್ ಕೊಡ್ತಿದ್ದೀನಿ. ಶನಿವಾರ ಥೀಕ್‌ಸ್ಟನ್ ಬ್ರೂವರಿ ಇರೋ ಆ ಊರಿಗೇ ಹೋಗಿ ಬಂದೆ! ಲೀಡ್ಸಿಂದ 36ನೇ ನಂಬರ್ ಬಸ್ಸು ಹ್ಯಾರೊಗೇಟ್ ಮೇಲೆ ರಿಪನ್‌ವರೆಗೆ, ಅಲ್ಲಿಂದ ಇನ್ನೊಂದು ಸಣ್ಣ ಬಸ್ಸು. ಡ್ರೈವರ್ ಹತ್ರ ಮಾಶಮ್‌ಗೆ ಒಂದು ಟಿಕೆಟ್ ಅಂದೆ, ಹಿಂದೆ ಕೂತಿದ್ದ ಅಜ್ಜಿ ಕೂಡ ಸೇರಿ ಇಡೀ ಬಸ್ಸು ತಿದ್ದಿತು, ಮ್ಯಾಸಮ್ ಅಂತೆ. ಬರೆಯೋದೊಂದು ಹೇಳೋದೊಂದು, ಸಾಗರದವರು ಬೇಕಂತಲೇ ಊರಿನ ಹೆಸರು ಬರೀದೆ ಬಿಟ್ರೋ ಏನೋ.

ಅಷ್ಟು ಸಣ್ಣ ಊರಲ್ಲಿ ಎರಡು ಬ್ರೂವರಿ ಹೆಸರು. ಥೀಕ್‌ಸ್ಟನ್ ಕಂಪನಿ 80ರ ದಶಕದಲ್ಲಿ ದೊಡ್ಡ ಕಂಪನಿ ಕೈಗೆ ಹೋಯ್ತಂತೆ, ಆಗ ಕುಟುಂಬದ ಪಾಲ್ ಥೀಕ್‌ಸ್ಟನ್ ಅನ್ನೋರು ಹೊರಗೆ ಬಂದು 1992ರಲ್ಲಿ ಅದೇ ಊರಲ್ಲಿ ಇನ್ನೊಂದು ಶುರು ಮಾಡಿ ಬ್ಲ್ಯಾಕ್ ಶೀಪ್, ಅಂದ್ರೆ ಕರಿ ಕುರಿ ಅಂತ ಹೆಸರಿಟ್ರು. ಆಮೇಲೆ 2003ರಲ್ಲಿ ಹಳೇದನ್ನ ಕುಟುಂಬದ ಉಳಿದವರು ವಾಪಸ್ ತಗೊಂಡ್ರು. ನಮ್ಮ ಕಡೆ ಆಸ್ತಿ ಪಾಲಾದ್ರೆ ಗೋಡೆ ಎಬ್ಬಿಸ್ತಾರೆ, ಇಲ್ಲಿ ಬ್ರೂವರಿ ಎಬ್ಬಿಸಿದ್ದಾರೆ. ಕರಿ ಕುರಿಯವರದ್ದೂ ಒಂದು ಕಪ್ಪು ಏಲ್ ಇದೆ, ರಿಗ್‌ವೆಲ್ಟರ್, ಯಾರ್ಕ್‌ಶೈರ್ ಭಾಷೇಲಿ ಬೆನ್ನ ಮೇಲೆ ಬಿದ್ದು ಏಳೋಕಾಗದೆ ಕಾಲು ಆಡಿಸ್ತಿರೋ ಕುರಿ ಅಂತ ಅರ್ಥ. ಅದಕ್ಕಿಂತ ಪ್ರಾಮಾಣಿಕ ಹೆಸರು ಯಾವ ಬಿಯರಿಗೂ ಇರಲ್ಲ.

ಬ್ರೂವರಿ ಪಕ್ಕದಲ್ಲೇ ಕೂತು ಹೇಳಿದ ಹಾಗೇ ಮಾಡ್ದೆ. ದೀಪ ಬೇಡ, ಕಿಟಕಿ ಬೆಳಕಿಗೇ ಹಿಡಿದೆ, ಕೆಂಪು ಹೌದು! ನಾನು ಪುನರ್ಪುಳಿ ಕುಡಿದಿಲ್ಲ, ನಂಗೆ ದಾಳಿಂಬೆ ಸಿಪ್ಪೆ ಕುದಿಸಿದ ನೀರು ಕಂಡಿತು. ಮೂಗಿಗೆ ಬಾಳೆಹಣ್ಣು ಬಂತು, ಹೇಳದೇ ಇದ್ರೆ ಗೊತ್ತಾಗ್ತಿರ್ಲಿಲ್ಲ. ಹುರಿಹಿಟ್ಟು ನಿಜ, ಎರಡನೇ ಗುಟುಕಿಗೆ ಸಿಕ್ಕಿತು, ಅಜ್ಜಿ ಮನೇಲಿ ಹುರಿಹಿಟ್ಟಿಗೆ ಬೆಲ್ಲ ತುಪ್ಪ ಹಾಕಿ ಕೊಡ್ತಿದ್ದ ಬಟ್ಟಲು ನೆನಪಾಗಿ ಸುಮ್ನೆ ಕೂತುಬಿಟ್ಟೆ ಸ್ವಲ್ಪ ಹೊತ್ತು. ಆದ್ರೆ ಒಂದು ಒಪ್ಪಲ್ಲ, ಕೊನೇ ಕಹಿ ಎರಡನೇ ಡಿಕಾಕ್ಷನ್ ಅಲ್ಲ ಸರ್, ಅದು ಮೆಂತ್ಯ. ಹದವಾಗಿ ಹುರಿದ ಮೆಂತ್ಯ. ಈ ಸಲ ಇಪ್ಪತ್ತೈದು ನಿಮಿಷಕ್ಕೇ ಮುಗೀತು, ಜೊತೆಗೆ ಪಾರ್ಕಿನ್ ಅಂತ ಇಲ್ಲಿನ ಕೇಕ್ ತಿಂದೆ, ಓಟ್ಸ್, ಕಪ್ಪು ಪಾಕ, ಶುಂಠಿ ಹಾಕಿ ಮಾಡಿದ್ದು, ನವೆಂಬರಲ್ಲಿ ಪಟಾಕಿ ಹಬ್ಬಕ್ಕೆ ತಿನ್ನೋದಂತೆ. ಶುಂಠಿ ಖಾರ ಆ ಸಿಹಿ ಜೊತೆ ಏನು ಸೇರುತ್ತೆ ಅಂತೀರ.

ರೂಮ್‌ಮೇಟ್‌ಗೆ ಮೀನಿನ ವಿಷಯ ಹೇಳಿದೆ. ಟ್ಯಾಡಿ ಪೋರ್ಟರ್ ತಂದು ಕೊಟ್ಟೆ, ಅರ್ಧ ಚಮಚದಷ್ಟು ಕುಡಿದು, ಕಷಾಯಕ್ಕೆ ಸಕ್ಕರೆ ಮರೆತಿದ್ದೀರಿ ಅಂತ ಹೇಳಿ ಟೀ ಮಾಡ್ಕೊಂಡ. ಉಳಿದಿದ್ದು ನಾನೇ ಕುಡಿಬೇಕಾಯ್ತು, ತ್ಯಾಗ.

ಈಗ ಒಂದೇ ಸಮಸ್ಯೆ, ಸಾಗರದವರು ಜೋನಿ ಬೆಲ್ಲ ಜೋನಿ ಬೆಲ್ಲ ಅಂತ ಬರ್ದು ಬರ್ದು ಅದೇ ತಲೇಲಿ ಕೂತಿದೆ. ಲೀಡ್ಸಲ್ಲಿ ಎಲ್ಲಿ ಸಿಗುತ್ತೆ?


ಸಾಗರದ_ಮಳೆ:

ಮೆಂತ್ಯ! ಇದನ್ನ ಓದಿದ ತಕ್ಷಣ ಒಂದು ಬಾಟಲ್ ತೆಗೆದು ನೋಡ್ದೆ, ಹೌದು ರೀ, ಹನ್ನೆರಡು ವರ್ಷ ತಪ್ಪು ಹೇಳ್ಕೊಂಡು ಬಂದಿದ್ದೀನಿ.

ಜೋನಿ ಬೆಲ್ಲ ಅಲ್ಲಿ ಸಿಗಲ್ಲ. ಬ್ಲ್ಯಾಕ್ ಟ್ರೀಕಲ್ ಅಂತ ಡಬ್ಬ ಸಿಗುತ್ತೆ, ಪಾರ್ಕಿನ್‌ಗೆ ಹಾಕೋದು ಅದೇ, ಬಣ್ಣ ನೋಡಿ ಮೋಸ ಹೋಗಿ ದೋಸೆಗೆ ಹಚ್ಕೋಬೇಡಿ, ನಾನು ಹಚ್ಕೊಂಡು ಪಶ್ಚಾತ್ತಾಪ ಪಟ್ಟಿದ್ದೀನಿ. ನಾನು ಏಪ್ರಿಲ್‌ನಲ್ಲಿ ಊರಿಗೆ ಹೋಗ್ತೀನಿ, ಬರುವಾಗ ಒಂದು ಬಾಟಲ್ ತರ್ತೀನಿ. ಹೋದ ಸಲ ಸೂಟ್‌ಕೇಸಲ್ಲಿ ಮುಚ್ಚಳ ಬಿಚ್ಚಿಕೊಂಡು ಹೆಂಡತಿಯ ಎರಡು ರೇಷ್ಮೆ ಸೀರೆಗೆ ಅಭಿಷೇಕ ಆಗಿತ್ತು, ಹಾಗಾಗಿ ಈ ಸಲ ನನ್ನ ಬ್ಯಾಗಲ್ಲೇ ಇಡಬೇಕಂತೆ, ಅದೂ ನನ್ನ ಬಟ್ಟೆ ಮಧ್ಯೆ.